ಕಡ್ಡಿಯ ಮೇಲಿರುವಾಗಲೇ ಅಳತೆ

"ಅಕ್ಕಾ, ಹೆಣೆದು, ಹೊಲಿದು, ಗುಂಡಿ ಹಚ್ಚಿ ಎಲ್ಲ ಮುಗಿಸಿ ತೊಡಿಸಿದರೆ ಒಂದೋ ಜೋಲ್ತದೆ, ಇಲ್ಲ ಹೊಟ್ಟೆ ಹಿಡಿತದೆ. ಹೆಣೆಯುವಾಗಲೇ ಗೊತ್ತಾಗೋ ಹಾಗೆ ಏನಾದ್ರೂ ಉಪಾಯ ಇಲ್ವಾ?" ಆರಿದ್ರಾ ಮಳೆ ಹಿಡಿದರೆ ಸಾಕು, ಈ ಪ್ರಶ್ನೆ ಶುರುವಾಗುತ್ತದೆ. ರಿಪ್ಪನ್‌ಪೇಟೆಯಿಂದ, ಹೊಸನಗರದಿಂದ, ತೀರ್ಥಹಳ್ಳಿ ಕಡೆಯಿಂದ ಫೋನು ಬರುತ್ತದೆ. ಆನಂದಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳುವವರೂ ಇದ್ದಾರೆ. ಅಂಗಳಕ್ಕೆ ಇಳಿಯಲಾಗದ ದಿನಗಳಲ್ಲಿ ಕೈಗೆ ಕಡ್ಡಿ ಬರುವುದು, ದೀಪಾವಳಿ ಕಳೆದು ಚಳಿ ಬೀಳುವಷ್ಟರಲ್ಲಿ ಸ್ವೆಟರ್ ಮುಗಿಯಬೇಕೆನ್ನುವುದು ನಮ್ಮ ಕಡೆಯ ಲೆಕ್ಕ. ಹೀಗೆ ತಿಂಗಳುಗಟ್ಟಲೆ ಕೂತು ಹೆಣೆದದ್ದು ಕೊನೆಗೆ ಮೈಗೆ ಹತ್ತದಿದ್ದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಉಪಾಯ ಇದೆ. ಹೊಸದೇನೂ ಅಲ್ಲ, ಖರ್ಚಿನದ್ದೂ ಅಲ್ಲ. ಹೆಣಿಗೆ ಇನ್ನೂ ಕಡ್ಡಿಯ ಮೇಲಿರುವಾಗಲೇ ಅದನ್ನು ಕಡ್ಡಿಯಿಂದ ಇಳಿಸಿ ಮೈಮೇಲೆ ಹಿಡಿದು ನೋಡುವುದು. ಹೇಳಲು ಇಷ್ಟೇ. ಆದರೆ ನಾನು ಕಂಡ ನೂರು ಹೆಣೆಯುವವರಲ್ಲಿ ತೊಂಬತ್ತು ಮಂದಿ ಇದನ್ನು ಮಾಡುವುದಿಲ್ಲ. ಟೇಪು ಹಿಡಿದು ನೋಡುತ್ತಾರೆ, ಟೇಪು ಹೇಳಿದ್ದನ್ನು ನಂಬುತ್ತಾರೆ.

ಮಲೆನಾಡಿನವರಿಗೆ ಉಣ್ಣೆಯ ಬಟ್ಟೆಯನ್ನು ಅಳತೆ ನೋಡಿ ತೊಡುವ ರೂಢಿಯೇ ಇರಲಿಲ್ಲ ಎಂಬುದೂ ಇದಕ್ಕೆ ಒಂದು ಕಾರಣವಿರಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಚಳಿಗೂ ಮಳೆಗೂ ಇದ್ದದ್ದು ಕಂಬಳಿ. ಕುರುಬರು ಗುಂಡಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಸರಿ ಹಾಕಿ ಗಡುಸು ಮಾಡಿದ ಕರಿ ಕಂಬಳಿ. ಅದನ್ನೇ ಮಡಿಸಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ಗದ್ದೆ ನಾಟಿಗೂ ಆಯಿತು, ದನ ಕಾಯಲಿಕ್ಕೂ ಆಯಿತು. ಅಪ್ಪನದ್ದು ಮಗನಿಗೆ ಆಗುತ್ತಿತ್ತು, ಮಗನದ್ದು ಆಳಿಗೆ. ಎದೆ ಎಷ್ಟು ಇಂಚು, ತೋಳು ಎಷ್ಟು ಇಂಚು ಎಂದು ಕೇಳಿದವರಿಲ್ಲ. ಸ್ವೆಟರ್ ಹಾಗಲ್ಲ. ಅದಕ್ಕೆ ಭುಜ ಬೇಕು, ಕಂಕುಳು ಬೇಕು, ಕತ್ತು ಬೇಕು. ಒಬ್ಬರಿಗೆ ಹೆಣೆದದ್ದು ಇನ್ನೊಬ್ಬರಿಗೆ ಹತ್ತುವುದು ಅದೃಷ್ಟದ ಮಾತು.

ಎಲ್ಲಿ ತಪ್ಪುತ್ತದೆ ಎಂದು ಹುಡುಕುತ್ತ ಹೋದರೆ ಮೊದಲು ಸಿಗುವುದು ಕುಣಿಕೆಯ ಲೆಕ್ಕ. "ದೊಡ್ಡ ಗಂಡಸರಿಗೆ ಬೆನ್ನಿಗೆ 110 ಕುಣಿಕೆ" ಎಂದು ಅತ್ತೆ ಹೇಳಿಕೊಟ್ಟಿರುತ್ತಾರೆ, ಅಥವಾ ಮೊಬೈಲಿನ ವಿಡಿಯೋದಲ್ಲಿ ಯಾರೋ ಹೇಳಿರುತ್ತಾರೆ. ಅವರ ದಾರ ಯಾವುದು, ಕಡ್ಡಿ ಯಾವುದು, ಅವರ ಕೈ ಬಿಗಿಯೋ ಸಡಿಲವೋ ನಮಗೆ ತಿಳಿಯದು. ಕುಣಿಕೆಯ ಸಂಖ್ಯೆಯೊಂದನ್ನೇ ಎತ್ತಿಕೊಂಡು ಬಂದರೆ ಏನಾಗುತ್ತದೆ ನೋಡಿ. 36 ಇಂಚು ಎದೆಯವರಿಗೆ ಒಳಗಡೆ ಅಂಗಿ ಹಾಕಿದರೂ ಆಡುವ ಹಾಗೆ 4 ಇಂಚು ಸಡಿಲು ಬಿಟ್ಟು, ಒಟ್ಟು 40 ಇಂಚಿನ ಸ್ವೆಟರ್ ಹೆಣೆಯಬೇಕು ಅಂದುಕೊಳ್ಳಿ. 4 ಇಂಚಿಗೆ 22 ಕುಣಿಕೆ ಬರುವ ಕೈಯಾದರೆ ಸುತ್ತಲೂ 220, ಬೆನ್ನಿಗೆ 110, ಎದುರಿಗೆ 110. ಲೆಕ್ಕ ಸರಿಯಾಗಿಯೇ ಇದೆ. ಆದರೆ ನಿಮ್ಮ ಕೈ ಸ್ವಲ್ಪ ಸಡಿಲ, 4 ಇಂಚಿಗೆ ಬರುವುದು 20 ಕುಣಿಕೆ ಮಾತ್ರ ಎಂದಾದರೆ ಅದೇ 220 ಕುಣಿಕೆ 44 ಇಂಚಾಗುತ್ತದೆ. ಕೈ ಬಿಗಿಯಾಗಿ 24 ಬಂದರೆ 37 ಇಂಚೂ ಆಗುವುದಿಲ್ಲ. ಬೆರಳಗಲದ ಜಾಗದಲ್ಲಿ ಅರ್ಧ ಕುಣಿಕೆಯ ವ್ಯತ್ಯಾಸ, ಮೈಮೇಲೆ ಬಂದಾಗ ಒಬ್ಬರಿಗೆ ಅಂಗಿ, ಇನ್ನೊಬ್ಬರಿಗೆ ಗೋಣಿಚೀಲ.

ಇಷ್ಟು ಇಂಚಿಗೆ ಇಷ್ಟು ಕುಣಿಕೆ ಎನ್ನುವ ಈ ಲೆಕ್ಕವನ್ನೇ ಹೆಣೆಯುವವರು ಗೇಜ್ ಅನ್ನುತ್ತಾರೆ. (ನಮ್ಮೂರಿನವರಿಗೆ ಗೇಜ್ ಅಂದರೆ ತಾಳಗುಪ್ಪ ರೈಲು ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬಂದದ್ದೇ ನೆನಪಾಗುವುದು, ಇರಲಿ.) ಗೇಜ್ ನೋಡಲಿಕ್ಕೆ ಮೊದಲು ಒಂದು ತುಂಡು ಹೆಣೆಯಬೇಕು. ಅದೇ ದಾರ, ಅದೇ ಕಡ್ಡಿ, ಅದೇ ಡಿಸೈನು. 4 ಇಂಚು ಅಳೆಯಬೇಕಾದರೆ ತುಂಡು 6 ಇಂಚಾದರೂ ಇರಬೇಕು, ಏಕೆಂದರೆ ಅಂಚಿನ ಕುಣಿಕೆಗಳು ಯಾವತ್ತೂ ಸೊಟ್ಟ. ನಡುವೆ ಟೇಪಿಟ್ಟು ಎಣಿಸಬೇಕು, ಅರ್ಧ ಕುಣಿಕೆ ಬಂದರೆ ಅದನ್ನೂ ಬಿಡಬಾರದು. ಕುಣಿಕೆ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ. ಇಲ್ಲಿ ಹೊಸಬರು ಎಡವುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ನಂಬರು. ಅದರಲ್ಲಿ ನಂಬರು ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8 ನಂಬರಿನದು 4 ಮಿಲಿಮೀಟರ್, 10 ನಂಬರಿನದು 3.25. ಪೋನಿ ಹೆಸರಿನ ಕಡ್ಡಿ ನೀವೆಲ್ಲ ನೋಡಿರುತ್ತೀರಿ. ಅದು ದೂರದ್ದೇನಲ್ಲ, 1949ರಿಂದ ನೀಲಗಿರಿಯ ಕೇತ್ತಿಯಲ್ಲಿರುವ ಕಾರ್ಖಾನೆಯದು. ಅದರ ಮೇಲೆ ಈಗ ನಂಬರು, ಮಿಲಿಮೀಟರು ಎರಡನ್ನೂ ಬರೆಯುವುದುಂಟು. ಮಿಲಿಮೀಟರ್ ನೋಡಿ ಕೊಂಡರೆ ಗೊಂದಲ ಇಲ್ಲ.

ತುಂಡು ಹೆಣೆದು ಅಲ್ಲಿಗೇ ಅಳೆದು ಬಿಡುವವರು ಬಹಳ. ಅದನ್ನು ತೊಳೆದು ಒಣಗಿಸಿ ಅಳೆಯಬೇಕು ಅಂದರೆ "ಈ ಮಳೆಯಲ್ಲಿ ಒಣಗಿದ ಹಾಗೇ!" ಎಂದು ನಗುತ್ತಾರೆ. ನಗಬೇಡಿ, ನಮ್ಮ ಕಡೆಯೇ ಇದು ಹೆಚ್ಚು ಬೇಕಾದದ್ದು. ಶುದ್ಧ ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು, ಮುಟ್ಟಿದರೆ ಒದ್ದೆ ಅನ್ನಿಸದ ಹಾಗೆ, ಒಳಗೆಳೆದುಕೊಂಡು ಇರಬಲ್ಲದು. ಅರ್ಧ ಕಿಲೋ ಸ್ವೆಟರಿಗೆ ಒಂದೂವರೆ ನೂರು ಗ್ರಾಂ ನೀರು. ಹುಲಿಕಲ್ಲು, ಆಗುಂಬೆಯಂಥ ಮಳೆಯ ಊರುಗಳ ಪಕ್ಕದಲ್ಲಿ ಕೂತು ಆಷಾಢದಲ್ಲಿ ಅಳೆದ ಉಣ್ಣೆ ಪುಷ್ಯದ ಒಣ ಚಳಿಯಲ್ಲಿ ಬೇರೆಯದೇ ಅಳತೆ ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಆದರೆ ಸಾಗರದ ಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ನಾವು 'ಉಲ್ಲನ್' ಎಂದು ಕೇಳಿ ತರುವುದು ಹೆಚ್ಚಾಗಿ ಅಕ್ರಿಲಿಕ್. ಅದು ನೀರು ಹೀರುವುದು ಬಹಳ ಕಡಿಮೆ, ಬೇಗ ಒಣಗುತ್ತದೆ, ಮಕ್ಕಳ ಮೈ ಕೆರೆಯುವುದಿಲ್ಲ, ಬೆಲೆಯೂ ಕಡಿಮೆ. ನನಗೇನೂ ಅದರ ಮೇಲೆ ಸಿಟ್ಟಿಲ್ಲ. ಅದರ ಗುಣ ಬೇರೆ, ಅಷ್ಟೇ. ಉಣ್ಣೆಯಾದರೆ ಒದ್ದೆ ಇರುವಾಗ ಸ್ವಲ್ಪ ಎಳೆದು, ಬೇಕಾದ ಆಕಾರಕ್ಕೆ ಹಾಸಿ ಒಣಗಿಸಿದರೆ ಹಾಗೇ ಕೂರುತ್ತದೆ. ಅಕ್ರಿಲಿಕ್ ಈ ಮಾತು ಕೇಳುವುದಿಲ್ಲ. ಬಿಸಿ ಇಸ್ತ್ರಿ ಇಟ್ಟರಂತೂ ಚಪ್ಪಟೆಯಾಗಿ, ಪುಟಿಯುವ ಗುಣ ಕಳೆದುಕೊಂಡು, ಮತ್ತೆ ಸರಿಯಾಗುವುದಿಲ್ಲ. ಅಂದರೆ, ಕೊನೆಗೆ ತೊಳೆದಾಗ ಸರಿಹೋಗುತ್ತದೆ ಎಂಬ ಆಸೆ ಅಕ್ರಿಲಿಕ್ ಹೆಣೆಯುವವರಿಗೆ ಇಲ್ಲ. ಅವರು ಮಧ್ಯದಲ್ಲಿಯೇ ನೋಡಿಕೊಳ್ಳಬೇಕು.

ತುಂಡನ್ನು ಹೇಗೆ ಒಣಗಿಸಬೇಕು? ಮುಂದೆ ಸ್ವೆಟರನ್ನು ಹೇಗೆ ಒಣಗಿಸುತ್ತೀರೋ ಹಾಗೆ. ಚಾಪೆಯ ಮೇಲೆ ಹಾಸುವವರು ತುಂಡನ್ನೂ ಹಾಸಿ. ಬಚ್ಚಲ ಒಲೆಯ ಮೇಲಿನ ಗಳುವಿಗೆ ನೇತುಹಾಕುವವರು (ನಮ್ಮಲ್ಲಿ ಹೆಚ್ಚಿನವರು ಇವರೇ) ತುಂಡನ್ನೂ ನೇತುಹಾಕಿ, ಕೆಳಗಿನ ಅಂಚಿಗೆ ನಾಲ್ಕಾರು ಬಟ್ಟೆ ಕ್ಲಿಪ್ಪು ಸಿಕ್ಕಿಸಿ. ಕ್ಲಿಪ್ಪು ಏಕೆಂದರೆ ಸಣ್ಣ ತುಂಡು ಹಗುರ, ಅದಕ್ಕೆ ತನ್ನ ಭಾರ ಗೊತ್ತಾಗುವುದಿಲ್ಲ. ದೊಡ್ಡವರ ಸ್ವೆಟರ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಭುಜದಿಂದ ಇಳಿಬಿದ್ದಾಗ ಆ ಭಾರವೇ ಅದನ್ನು ಕೆಳಗೆ ಎಳೆದು ಉದ್ದ ಮಾಡುತ್ತದೆ, ಉದ್ದವಾದಷ್ಟು ಅಗಲ ಕುಗ್ಗುತ್ತದೆ. ತುಂಡು ನೋಡಿ ಲೆಕ್ಕ ಹಾಕಿದವರಿಗೂ ಕೊನೆಗೆ ಮೋಸವಾಗುವುದು ಇಲ್ಲಿಯೇ. ಹಾಗಾಗಿ ತುಂಡು ಒಂದು ಅಂದಾಜು ಮಾತ್ರ. ನಿಜವಾದ ತುಂಡು ಎಂದರೆ ಹೆಣೆಯುತ್ತಿರುವ ಸ್ವೆಟರೇ.

ಆ ಸ್ವೆಟರನ್ನು ಅಳೆಯಲು ಹೋದರೆ ಕಡ್ಡಿ ಅಡ್ಡ ಬರುತ್ತದೆ. 14 ಇಂಚಿನ ಕಡ್ಡಿಯ ಮೇಲೆ 20 ಇಂಚಿನ ಬೆನ್ನು ಒತ್ತೊತ್ತಾಗಿ ಕೂತಿರುತ್ತದೆ. ಅದನ್ನು ಎಳೆದು ಹರಡಿ ಟೇಪಿಟ್ಟರೆ ನಾವು ಎಷ್ಟು ಎಳೆದೆವೋ ಅಷ್ಟು ಅಗಲ ಬರುತ್ತದೆ. ನಮಗೆ 20 ಬೇಕಿದ್ದರೆ ಕೈ ತಾನಾಗಿಯೇ 20ಕ್ಕೆ ಎಳೆಯುತ್ತದೆ! ಬೇಕಾದ ಉತ್ತರವನ್ನೇ ಹೇಳಿಸುವುದು ಅಂದರೆ ಇದೇ. ಆದ್ದರಿಂದ ಕುಣಿಕೆಗಳನ್ನು ಕಡ್ಡಿಯಿಂದ ಇಳಿಸಬೇಕು. ಮೊಂಡು ಮೂತಿಯ ದಪ್ಪ ಸೂಜಿಗೆ ಬೇರೆ ಬಣ್ಣದ ನುಣುಪಾದ ದಾರ ಪೋಣಿಸಿ, ಒಂದೊಂದೇ ಕುಣಿಕೆಯನ್ನು ಅದಕ್ಕೆ ದಾಟಿಸುತ್ತ ಬಂದರೆ ಆಯಿತು. ದಾರ ಮೈಸುತ್ತಿಗಿಂತ ಉದ್ದವಿರಲಿ, ತುದಿ ಗಂಟು ಹಾಕಿ.

ಈ ಮಾತು ಹೇಳಿದಾಗಲೆಲ್ಲ ಎದುರಿನವರ ಮುಖ ನೋಡಬೇಕು. ನಮ್ಮ ಬೀದಿಯ ಹಿರಿಯರೊಬ್ಬರು ಕಡ್ಡಿಯನ್ನು ಎದೆಗೊತ್ತಿಕೊಂಡೇ ಬಿಟ್ಟರು. "ಇಳಿಸಿದ್ರೆ ಅಷ್ಟೂ ಬಿಚ್ಚಿ ಹೋಗ್ತದೆ ಮಾರಾಯ್ತಿ, ನೀನು ಬಂದು ಕಟ್ಟಿಕೊಡ್ತೀಯಾ?"

"ಬಿಚ್ಚಿಕೊಳ್ಳೋದಿಲ್ಲ ಅತ್ತೆ, ದಾರ ಒಳಗಿದೆಯಲ್ಲ. ಹೋದ್ರೂ ಒಂದು ಕುಣಿಕೆ ಒಂದು ಸಾಲು ಇಳೀತದೆ, ಕ್ರೋಶಾ ಕಡ್ಡೀಲಿ ಮೇಲೆ ಎತ್ತಿದ್ರೆ ಆಯ್ತು."

"ನೋಡು ಮತ್ತೆ, ನಾನಂತೂ ಕೈ ಹಾಕೋದಿಲ್ಲ."

ಕೊನೆಗೆ ಅವರ ಸೊಸೆ ಇಳಿಸಿದಳು. ಏನೂ ಬಿಚ್ಚಿಕೊಳ್ಳಲಿಲ್ಲ. ಕುಣಿಕೆ ಓಡಿಹೋಗುವುದು ಎಳೆದಾಗ ಮಾತ್ರ. ಎಳೆಯದೆ ಮೇಜಿನ ಮೇಲಿಟ್ಟರೆ ದಾರವಿಲ್ಲದಿದ್ದರೂ ಅದು ಸುಮ್ಮನೆ ಬಾಯಿ ತೆರೆದುಕೊಂಡು ಕೂತಿರುತ್ತದೆ. ಜಾರು ದಾರವಾದರೆ ಸ್ವಲ್ಪ ಎಚ್ಚರ ಬೇಕು, ಅಷ್ಟೇ.

ಎಷ್ಟು ಸಲ ಇಳಿಸಬೇಕು ಎಂದು ಕೇಳುತ್ತಾರೆ. ಬಾರ್ಡರ್ ಮುಗಿದು, ದೊಡ್ಡ ಕಡ್ಡಿಗೆ ಬದಲಾಯಿಸಿ, ಮೂರು ನಾಲ್ಕು ಇಂಚು ಮೇಲೆ ಬಂದಾಗ ಒಂದು ಸಲ. ಅಗಲ ತಪ್ಪಿದ್ದರೆ ಇಲ್ಲಿಯೇ ತಿಳಿಯುತ್ತದೆ, ಬಿಚ್ಚಿದರೂ ಹೋಗುವುದು ಎರಡು ಸಂಜೆಯ ಕೆಲಸ. ಬಾರ್ಡರ್ ನೋಡಿ ಅಗಲ ತೀರ್ಮಾನ ಮಾಡಬೇಡಿ, ಸೀದಾ-ಉಲ್ಟಾ ಹಾಕಿದ ಬಾರ್ಡರ್ ಇರುವುದೇ ಕುಗ್ಗಲಿಕ್ಕೆ. ಎರಡನೇ ಸಲ ಕಂಕುಳಿಗೆ ಕುಣಿಕೆ ಕಡಿಮೆ ಮಾಡುವ ಮೊದಲು. ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಕಂಕುಳು ಶುರುವಾದ ಮೇಲೆ ಮೈಯ ಉದ್ದ ಅಲ್ಲಿಗೆ ನಿಂತಿತು. ಬೆನ್ನು ಒಂದನ್ನೇ ಹಿಡಿದು ನೋಡುವುದಕ್ಕಿಂತ ಬೆನ್ನು, ಎದುರು ಎರಡನ್ನೂ ಕಂಕುಳಿನವರೆಗೆ ಹೆಣೆದು, ಎರಡನ್ನೂ ದಾರಕ್ಕೆ ಇಳಿಸಿ, ಪಕ್ಕಗಳನ್ನು ಟಾಕಿ ಹಾಕಿ ತೊಡಿಸಿ ನೋಡಿದರೆ ಇನ್ನೂ ಒಳ್ಳೆಯದು. ಟಾಕಿ ಎಳೆದರೆ ಬರುತ್ತದೆ, ನಷ್ಟವೇನು?

ತೊಡಿಸಿ ನೋಡುವಾಗ ನೆಟ್ಟಗೆ ಕನ್ನಡಿ ಮುಂದೆ ನಿಲ್ಲಿಸಿ "ಚೆಂದ ಉಂಟು" ಅನ್ನುವುದರಲ್ಲಿ ಅರ್ಥವಿಲ್ಲ. ಸ್ವೆಟರ್ ಹಾಕಿಕೊಂಡು ಯಾರೂ ಕನ್ನಡಿ ಮುಂದೆ ದಿನ ಕಳೆಯುವುದಿಲ್ಲ. ಚಳಿ ಬೀಳುವುದೂ ಅಡಿಕೆ ಸುಲಿತ ನಡೆಯುವುದೂ ಒಂದೇ ಕಾಲ. ಮೆಟ್ಟುಗತ್ತಿಯ ಮುಂದೆ ಕೂತು ಬಾಗಿದಾಗ ಬೆನ್ನು ಮೇಲೆ ಹೋಗಿ ಸೊಂಟಕ್ಕೆ ಚಳಿ ಬಡಿಯಬಾರದು. ಅಂಥವರಿಗೆ ಬೆನ್ನಿನ ಭಾಗವನ್ನು ಎದುರಿಗಿಂತ ಒಂದು ಇಂಚು ಉದ್ದ ಬಿಡುವುದು ಒಳ್ಳೆಯದು. ಡೈರಿಗೆ ಹಾಲು ಹಾಕಲಿಕ್ಕೆ ಬೆಳಗಿನ ಜಾವ ಬೈಕಿನಲ್ಲಿ ಹೋಗುವವರು ಹ್ಯಾಂಡಲ್ ಹಿಡಿದ ಹಾಗೆ ಎರಡೂ ಕೈ ಮುಂದೆ ಚಾಚಿ ನಿಲ್ಲಲಿ, ತೋಳು ಎಷ್ಟು ಮೇಲೆ ಸರಿಯುತ್ತದೆ ನೋಡಿ. ನಿಂತಾಗ ಮಣಿಕಟ್ಟಿಗೆ ಸರಿಯಾಗಿದ್ದದ್ದು ಈಗ ಒಂದೂವರೆ ಇಂಚು ಗಿಡ್ಡ! ಜಗುಲಿಯಲ್ಲಿ ಚಕ್ಕಳಮಕ್ಕಳ ಕೂರುವ ಅಜ್ಜನಿಗೆ ಉದ್ದ ಹೆಚ್ಚಾದರೆ ಹೊಟ್ಟೆಯ ಮೇಲೆ ಸುರುಳಿ ಬೀಳುತ್ತದೆ, ಅವರನ್ನು ಕೂರಿಸಿಯೇ ನೋಡಬೇಕು.

ಸೀರೆ ಉಡುವವರದ್ದು ಇನ್ನೊಂದು ಕಥೆ. ಪುಸ್ತಕಗಳಲ್ಲಿ, ವಿಡಿಯೋಗಳಲ್ಲಿ ಕೊಡುವ ಹೆಂಗಸರ ಅಳತೆ ಸೀರೆ ಉಟ್ಟವರನ್ನು ನೋಡಿ ಮಾಡಿದ್ದಲ್ಲ. ಎಡ ಭುಜದ ಮೇಲೆ ಸೆರಗಿನ ಮಡಿಕೆ, ಪಿನ್ನು, ಎದೆಗೆ ಅಡ್ಡಲಾಗಿ ಎರಡು ಪದರ ಬಟ್ಟೆ, ಸೊಂಟದಲ್ಲಿ ನೆರಿಗೆ. ಇಷ್ಟರ ಮೇಲೆ ಬಟನ್ ಸ್ವೆಟರ್ ಬರಬೇಕು. ಬರೀ ರವಿಕೆಯ ಮೇಲೆ ಟೇಪು ಸುತ್ತಿ ಅಳತೆ ತೆಗೆದರೆ ಗುಂಡಿ ಕೂರುವುದಿಲ್ಲ. ದಿನಾ ಉಡುವ ಸೀರೆ ಉಟ್ಟು, ಸೆರಗು ಹೊದ್ದು, ಅದರ ಮೇಲೆಯೇ ಅಳೆಯಿರಿ, ಅದರ ಮೇಲೆಯೇ ತೊಟ್ಟು ನೋಡಿ. ಉದ್ದವನ್ನು ಸೊಂಟದ ನೆರಿಗೆ ದಾಟುವ ಹಾಗೆ ಬಿಟ್ಟರೆ ಕೂತಾಗ ಕೆಳಗಿನ ಗುಂಡಿ ಎಳೆಯುತ್ತದೆ. ಕೆಳಗಿನದನ್ನು ಹಾಕದೆ ಬಿಡುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಒಂದು ಮದುವೆ ಮನೆಯಲ್ಲಿ ಸುಮ್ಮನೆ ಕಣ್ಣಾಡಿಸಿದರೆ ಗೊತ್ತಾಗುತ್ತದೆ.

ಕಂಕುಳಿನಿಂದ ಭುಜದವರೆಗಿನ ಭಾಗದಲ್ಲಿ ಟೇಪಿಗಿಂತ ಸಾಲು ಎಣಿಸುವುದು ನಂಬಿಕೆಯದ್ದು. 4 ಇಂಚಿಗೆ 30 ಸಾಲು ಬರುವ ಕೈಯಾದರೆ 9 ಇಂಚಿನ ಕಂಕುಳಿಗೆ 68 ಸಾಲು. ಬೆನ್ನಿಗೆ 68 ಹಾಕಿದರೆ ಎದುರಿಗೂ 68. ಟೇಪಿಟ್ಟು ಒಂದಕ್ಕೆ 9, ಇನ್ನೊಂದಕ್ಕೆ 9 ಎಂದು ನಿಲ್ಲಿಸಿದರೆ ಹೊಲಿಯುವಾಗ ಒಂದು ಭುಜ ಮೇಲೆ, ಒಂದು ಕೆಳಗೆ. ತೋಳುಗಳಿಗೂ ಇದೇ ಮಾತು. ಎರಡು ಉಂಡೆ ಇಟ್ಟುಕೊಂಡು ಎರಡೂ ತೋಳನ್ನು ಒಂದೇ ಕಡ್ಡಿಯ ಮೇಲೆ ಜೊತೆಜೊತೆಯಾಗಿ ಹೆಣೆಯುವವರನ್ನು ನಾನು ಮೆಚ್ಚುತ್ತೇನೆ. ಉಂಡೆಗಳು ಸಿಕ್ಕಾಗುತ್ತವೆ, ನಿಜ. ಆದರೆ ಶ್ರಾವಣದಲ್ಲಿ ಹೆಣೆದ ಬಲತೋಳು, ಗಡಿಬಿಡಿಯಲ್ಲಿ ದೀಪಾವಳಿ ಹಿಂದಿನ ವಾರ ಹೆಣೆದ ಎಡತೋಳು ಒಂದೇ ಕೈಯದ್ದು ಅನ್ನಿಸುವುದೇ ಇಲ್ಲ. ಗಡಿಬಿಡಿ ಇದ್ದಾಗ ಕೈ ಬಿಗಿಯುತ್ತದೆ. ಧಾರಾವಾಹಿ ನೋಡುತ್ತ ಹೆಣೆದದ್ದಕ್ಕೂ ಸುಮ್ಮನೆ ಕೂತು ಹೆಣೆದದ್ದಕ್ಕೂ ವ್ಯತ್ಯಾಸ ಇದೆ. ಅರ್ಧ ಅಮ್ಮ, ಅರ್ಧ ಮಗಳು ಹೆಣೆಯುವ ಮನೆಗಳಲ್ಲಿ ಒಬ್ಬರು ಮೈ, ಇನ್ನೊಬ್ಬರು ತೋಳು ಎಂದು ಹಂಚಿಕೊಳ್ಳಿ. ಒಂದೇ ಬೆನ್ನಿನಲ್ಲಿ ಎರಡು ಕೈ ಬೇಡ.

ತೋಳಿನ ಉದ್ದವನ್ನು ಮೊದಲೇ ನಿರ್ಧರಿಸಬೇಡಿ. ಮೈಭಾಗದ ಭುಜ ಹೊಲಿದು, ತೊಡಿಸಿ, ಭುಜದ ಅಂಚು ಎಲ್ಲಿಗೆ ಇಳಿದು ಕೂರುತ್ತದೆ ನೋಡಿ, ಅಲ್ಲಿಂದ ಮಣಿಕಟ್ಟಿಗೆ ಅಳೆಯಿರಿ. ಭುಜ ಒಂದು ಇಂಚು ಕೆಳಗೆ ಜಾರಿ ಕೂತರೆ ತೋಳು ಅಷ್ಟೇ ಗಿಡ್ಡವಾಗಬೇಕು. ಅಂಗೈವರೆಗೆ ಇಳಿಯುವ ತೋಳುಗಳು ಹುಟ್ಟುವುದು ಈ ಲೆಕ್ಕ ಬಿಟ್ಟಾಗಲೇ.

ಕತ್ತಿನ ವಿಷಯಕ್ಕೆ ಬಂದರೆ, ಅಲ್ಲಿ ಅಳತೆ ನೋಡಬೇಕಾದದ್ದು ತಲೆಯನ್ನು. ಬಾಣಂತನಕ್ಕೆ ಮಗಳು ತವರಿಗೆ ಬಂದಳೆಂದರೆ ಅಜ್ಜಿಯರ ಕೈ ಕುಲಾವಿ, ಸಾಕ್ಸು, ಪುಟ್ಟ ಸ್ವೆಟರಿನ ಸೆಟ್ಟಿಗೆ ಓಡುತ್ತದೆ. ಈಗಷ್ಟೇ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಎದೆಗಿಂತ ದೊಡ್ಡದು, ಸುಮಾರು ಹದಿಮೂರುವರೆ ಇಂಚು. ವರ್ಷ ತುಂಬುವ ಹೊತ್ತಿಗೆ ತಲೆ, ಎದೆ ಎರಡೂ ಹೆಚ್ಚುಕಡಿಮೆ ಸಮ, 18 ಇಂಚಿನ ಆಸುಪಾಸು. ದೊಡ್ಡವರ ಸ್ವೆಟರನ್ನೇ ಕುಗ್ಗಿಸಿ ಹೆಣೆದರೆ ಮಗುವಿನ ತಲೆ ತೂರುವುದಿಲ್ಲ. ತುರುಕಿದರೆ ಕಿರುಚಾಟ. ಅದಕ್ಕೇ ಎಳೆ ಮಕ್ಕಳದ್ದು ಎದುರು ತೆರೆಯುವ ಹಾಗೆ, ಇಲ್ಲವೆ ಭುಜದ ಮೇಲೆ ಎರಡು ಗುಂಡಿ ಇರುವ ಹಾಗೆ ಹೆಣೆಯುವುದು. ದೊಡ್ಡವರ ತಲೆಯಾದರೆ 22 ಇಂಚಿನಷ್ಟು. ಕತ್ತಿನ ಪಟ್ಟಿ ಹೆಣೆದು ಮುಗಿಸುವಾಗ ಕೊನೆಯ ಸಾಲನ್ನು ಬಿಗಿಯಾಗಿ ಮುಚ್ಚುವುದು ನಮ್ಮ ಕಡೆ ಬಹಳ ಜನಕ್ಕೆ ಅಭ್ಯಾಸ. ನೋಡಲು ನೀಟಾಗಿರುತ್ತದೆ, ಕಿವಿ ಕಿತ್ತು ಬರುತ್ತದೆ! ಮುಚ್ಚುವಾಗ ಎರಡು ನಂಬರು ದಪ್ಪ ಕಡ್ಡಿ ಬಳಸಿ, ಮುಚ್ಚುವ ಮೊದಲು ದಾರಕ್ಕೆ ಇಳಿಸಿ ತಲೆಗೆ ತೂರಿಸಿ ನೋಡಿ. ಮೂರನೆಯ ಸಲ ಇಳಿಸಬೇಕಾದದ್ದು ಇಲ್ಲಿ.

ಮಕ್ಕಳ ಸ್ವೆಟರಿನ ಬಗ್ಗೆ ನನ್ನದೊಂದು ತಕರಾರಿದೆ. "ಬೆಳೆಯೋ ಮೈ, ಇನ್ನೆರಡು ವರ್ಷ ಬರಲಿ" ಎಂದು ಎಲ್ಲ ದಿಕ್ಕಿಗೂ ದೊಡ್ಡದು ಹೆಣೆಯುತ್ತಾರೆ. ಮೊದಲ ವರ್ಷ ಕತ್ತು ಭುಜದಿಂದ ಜಾರಿ ಎದೆಗೆ ಗಾಳಿ, ಎರಡನೇ ವರ್ಷಕ್ಕೆ ದಾರ ಗುಬ್ಬಿಗುಬ್ಬಿಯಾಗಿ ಶಾಲೆಗೆ ಹಾಕಿಕೊಂಡು ಹೋಗಲು ನಾಚಿಕೆ. ಸರಿಯಾಗಿ ಹತ್ತಿದ ವರ್ಷ ಯಾವುದು? ಮಕ್ಕಳು ಅಗಲಕ್ಕಿಂತ ಉದ್ದಕ್ಕೆ ಬೇಗ ಬೆಳೆಯುತ್ತಾರೆ. ಅಗಲ, ಭುಜ, ಕತ್ತು ಈಗಿನ ಮೈಗೆ ಸ್ವಲ್ಪ ಸಡಿಲವಿರಲಿ, ಉದ್ದ ಮತ್ತು ತೋಳು ಮಾತ್ರ ಎರಡು ಇಂಚು ಹೆಚ್ಚಿರಲಿ. ತೋಳಿನ ಪಟ್ಟಿ ಮಡಚಬಹುದು. ಕತ್ತನ್ನು ಮಡಚಲಾಗುತ್ತದೆಯೇ?

ತೊಡಿಸಿ ನೋಡಲು ಮನುಷ್ಯನೇ ಎದುರಿಗಿಲ್ಲದಿದ್ದರೆ? ಮಗ ಬೆಂಗಳೂರಿನಲ್ಲಿ, ಮಗಳು ಹೊರದೇಶದಲ್ಲಿ, ಇಲ್ಲಿ ಅಮ್ಮ ಹೆಣೆಯುತ್ತಿದ್ದಾಳೆ. ಫೋನಿನಲ್ಲಿ "ಎದೆ ಎಷ್ಟು?" ಎಂದು ಕೇಳಿದರೆ "ಎಲ್ ಸೈಜು" ಅನ್ನುತ್ತಾರೆ. ಅದು ಯಾವ ಕಂಪನಿಯ ಎಲ್ ಎಂದು ಕೇಳುತ್ತ ಕೂರಬೇಡಿ. ಅವರಿಗೆ ಇಷ್ಟವಾದ ಒಂದು ಹಳೆಯ ಸ್ವೆಟರನ್ನು ಮೇಜಿನ ಮೇಲೆ ಹಾಸಿ, ಕಂಕುಳಿನಿಂದ ಕಂಕುಳಿಗೆ, ಭುಜದಿಂದ ಅಂಚಿಗೆ, ಕಂಕುಳಿನಿಂದ ತೋಳಿನ ತುದಿಗೆ ಟೇಪಿಟ್ಟು ಮೂರು ಫೋಟೋ ಕಳಿಸಲು ಹೇಳಿ. ಮನುಷ್ಯನ ಮೈ ಅಳೆಯುವುದಕ್ಕಿಂತ ಮೈಗೆ ಹತ್ತಿದ ಬಟ್ಟೆ ಅಳೆಯುವುದು ಎಷ್ಟೋ ಸಲೀಸು. ದಪ್ಪ ಮಾತ್ರ ಗಮನಿಸಿ, ಅಂಗಡಿಯ ತೆಳು ಸ್ವೆಟರಿನ ಅಳತೆಗೆ ಕೈಯ ದಪ್ಪ ಸ್ವೆಟರ್ ಹೆಣೆದರೆ ಒಳಗಿನ ಜಾಗ ಕಡಿಮೆಯಾಗುತ್ತದೆ, ಒಂದು ಇಂಚು ಸೇರಿಸಬೇಕು.

ಈ ತೊಡಿಸಿ ನೋಡುವ ಕಷ್ಟವನ್ನೇ ಅರ್ಧ ಇಳಿಸಿದ ಇಬ್ಬರು ಹೆಂಗಸರು ಅಮೆರಿಕದಲ್ಲಿದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಎದೆಯ ಸುತ್ತಳತೆಯ ಕುಣಿಕೆಯನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಶೇಕಡಾದಲ್ಲಿ ಹೇಳಿದರು. ಮಣಿಕಟ್ಟಿಗೆ ಶೇಕಡಾ 20, ಮೇಲ್ತೋಳಿಗೆ 33 ರಿಂದ 35, ಕತ್ತಿಗೆ 40. ನಮ್ಮ 220 ಕುಣಿಕೆಗೆ ಹಾಕಿ ನೋಡಿ: ಮಣಿಕಟ್ಟಿಗೆ 44, ತೋಳಿಗೆ 73 ರಿಂದ 77, ಕತ್ತಿಗೆ 88. ಪ್ಯಾಟರ್ನ್ ಇಲ್ಲದೆ ಹೆಣೆಯುವ ನಮ್ಮಂಥವರಿಗೆ ಎಲ್ಲೋ ಲೆಕ್ಕ ದಾರಿತಪ್ಪಿದೆಯೇ ಎಂದು ನೋಡಿಕೊಳ್ಳಲು ಇದಕ್ಕಿಂತ ಸುಲಭದ್ದು ನನಗೆ ಸಿಕ್ಕಿಲ್ಲ. 1972ರಲ್ಲಿ ಬಾರ್ಬರಾ ವಾಕರ್ ಮೇಲಿನಿಂದ ಕೆಳಕ್ಕೆ, ಅಂದರೆ ಕತ್ತಿನಿಂದ ಶುರುಮಾಡಿ ಹೆಣೆಯುವ ಬಗೆಯನ್ನೇ ಒಂದು ಪುಸ್ತಕ ಮಾಡಿದರು. ಅದರಲ್ಲಿ ಹೊಲಿಗೆಯೂ ಇಲ್ಲ, ಊಹೆಯೂ ಕಡಿಮೆ. ಯಾವಾಗ ಬೇಕಾದರೂ ತಲೆಗೆ ತೂರಿಸಿ ನೋಡಿ, ಸಾಕು ಅನ್ನಿಸಿದಲ್ಲಿ ನಿಲ್ಲಿಸುವುದು. ಮಗು ಬೆಳೆದರೆ ಕೆಳಗಿನ ಅಂಚು ಬಿಚ್ಚಿ ಮುಂದುವರಿಸಬಹುದು. ಹೊಸದಾಗಿ ಕಲಿಯುವ ಹುಡುಗಿಯರಿಗೆ ನಾನು ಇದನ್ನೇ ಹೇಳುತ್ತೇನೆ, ಉದ್ದ ವೈರಿನ ದುಂಡು ಕಡ್ಡಿಯೊಂದು ಬೇಕು, ಅಷ್ಟೇ. ಬಿಡಿ ಭಾಗ ಹೆಣೆದು ಹೊಲಿಯುವ ನಮ್ಮ ಹಿರಿಯರ ಕ್ರಮದಲ್ಲಿ ಭುಜ ಗಟ್ಟಿಯಾಗಿ ನಿಲ್ಲುತ್ತದೆ, ಬಸ್ಸಿನಲ್ಲಿ ಕೂತು ಹೆಣೆಯಲೂ ಅನುಕೂಲ. ಹಾಗಾಗಿ ಅದನ್ನು ಬಿಡಿ ಎಂದು ಕೈ ಕೂತವರಿಗೆ ಹೇಳಲು ಹೋಗುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೂ "ನಂದು ಮುಗಿದೇ ಹೋಗಿದೆಯಲ್ಲ, ಈಗ ಏನು?" ಎನ್ನುವವರಿರುತ್ತಾರೆ. ಉದ್ದ ಹೆಚ್ಚು ಕಡಿಮೆಯಾಗಿದ್ದರೆ ಹೆದರಬೇಡಿ. ಬಾರ್ಡರಿನ ಮೇಲೆ ಒಂದು ಸಾಲಿನ ದಾರ ಕತ್ತರಿಸಿ ಎಳೆದರೆ ಸ್ವೆಟರ್ ಎರಡು ಭಾಗವಾಗುತ್ತದೆ. ಮೇಲಿನ ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಂಡು ಬೇಕಾದಷ್ಟು ಹೆಣೆದು ಅಥವಾ ಬಿಚ್ಚಿ, ಹೊಸ ಬಾರ್ಡರ್ ಹಾಕಿ. ತೋಳಿಗೂ ಹೀಗೇ. ಅಗಲ ಸ್ವಲ್ಪ ಹೆಚ್ಚಾಗಿದ್ದರೆ ಪಕ್ಕದ ಹೊಲಿಗೆ ಒಳಗೆ ತೆಗೆದುಕೊಳ್ಳಬಹುದು, ಆದರೆ ಪ್ರತಿ ಪಕ್ಕಕ್ಕೆ ಅರ್ಧ ಇಂಚಿಗಿಂತ ಹೆಚ್ಚಾದರೆ ದಪ್ಪ ಗೆರೆ ಎದ್ದು ಮೈಗೆ ಒತ್ತುತ್ತದೆ. ಭುಜ ಅಗಲವಾಗಿದ್ದರೆ, ಕಂಕುಳು ಆಳ ತಪ್ಪಿದ್ದರೆ ಮಾತ್ರ ಬಿಚ್ಚದೆ ಬೇರೆ ದಾರಿಯಿಲ್ಲ. ಬಿಚ್ಚಿದ ದಾರ ಗುಂಗುರು ಗುಂಗುರಾಗಿರುತ್ತದೆ. ಅದನ್ನೇ ನೇರ ಹೆಣೆಯಲು ಕೂತರೆ ಗೇಜ್ ಮತ್ತೆ ಕೆಡುತ್ತದೆ. ಮರದ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ಗಳುವಿಗೆ ಹಾಕಿ. ಉಣ್ಣೆಯ ದಾರ ಪೂರ್ತಿ ನೆಟ್ಟಗಾಗುತ್ತದೆ, ಅಕ್ರಿಲಿಕ್ ಮುಕ್ಕಾಲು ಪಾಲು. ಒಲೆಯ ಉರಿಯ ನೇರಕ್ಕೆ ಮಾತ್ರ ಅಕ್ರಿಲಿಕ್ ಹಾಕಬೇಡಿ. ಒಣಗಿದ ಮೇಲೆ ಉಂಡೆ ಸುತ್ತುವಾಗ ಬಿಗಿಯಾಗಿ ಸುತ್ತಬೇಡಿ, ಎಳೆದು ಸುತ್ತಿದ ದಾರ ಹೆಣೆದ ಮೇಲೆ ಕುಗ್ಗುತ್ತದೆ. ಮತ್ತೆ ಹೆಣೆಯುವಾಗ ಬಟನ್ ಪಟ್ಟಿಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ. ಸ್ವೆಟರ್ ಒಂದು ರಾತ್ರಿ ಹ್ಯಾಂಗರಿನಲ್ಲಿ ಇಳಿಬಿದ್ದು ತನ್ನ ಉದ್ದ ತೋರಿಸಿದ ಮೇಲೆ ಪಟ್ಟಿ ಹೆಣೆದರೆ ಅದು ಅಲೆಅಲೆಯಾಗುವುದಿಲ್ಲ. ಗುಂಡಿ ಎಲ್ಲಿ ಬೇಕೆಂದು ತೊಡುವವರನ್ನೇ ನಿಲ್ಲಿಸಿ ಪಿನ್ನು ಚುಚ್ಚಿ ಗುರುತು ಮಾಡಿ, ಮೊದಲ ಗುಂಡಿ ಎದೆಯ ಅತಿ ಅಗಲದ ಜಾಗಕ್ಕೆ, ಉಳಿದವು ಅದರ ಮೇಲೆ ಕೆಳಗೆ.